ಮೊದಲು ಅಗಲ, ಆಮೇಲೆ ಉಳಿದದ್ದು

ಮೊದಲ ಟೆಲಿಸ್ಕೋಪ್ ಕೊಳ್ಳಲು ಹೊರಟವರನ್ನು ದಾರಿ ತಪ್ಪಿಸುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘525 ಪಟ್ಟು’ ಎಂಬ ಅಂಕಿ. ಅದನ್ನು ಕಂಡೊಡನೆ ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು ಬರುವುದು ಜಾಣತನ. ಟೆಲಿಸ್ಕೋಪಿನ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಬರುವ ಲೆಕ್ಕವೇ ವರ್ಧನೆ. ಐಪೀಸ್ ಬದಲಿಸುತ್ತ ಹೋದರೆ ಎಷ್ಟಕ್ಕೆ ಬೇಕಾದರೂ ಏರಿಸಬಹುದು. ಆದರೆ ಮಸೂರದ ಒಂದೊಂದು ಮಿಲಿಮೀಟರ್ ಅಗಲಕ್ಕೆ ಸುಮಾರು ಎರಡು ಪಟ್ಟು, ಅಷ್ಟೇ ಅದರ ತಾಕತ್ತು. 60 ಮಿ.ಮೀ. ಮಸೂರದಲ್ಲಿ 120 ದಾಟಿದಿರೋ, ಶನಿ ದೊಡ್ಡದಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ನೀರು ಸುರಿದ ಮಜ್ಜಿಗೆಯಂತೆ, ಲೋಟ ತುಂಬುತ್ತದೆ, ರುಚಿ ಹೋಗುತ್ತದೆ.

ನೋಡಬೇಕಾದದ್ದು ಅಗಲವನ್ನು. 150 ಮಿ.ಮೀ. ಕನ್ನಡಿ 60 ಮಿ.ಮೀ. ಮಸೂರಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಅದರ ನಾಭಿದೂರ 1200 ಮಿ.ಮೀ. ಇದ್ದು, 25 ಮಿ.ಮೀ. ಐಪೀಸ್ ಹಾಕಿದರೆ ವರ್ಧನೆ ಬರೀ 48. ಅಷ್ಟಕ್ಕೇ ಶನಿಯ ಉಂಗುರ ಗ್ರಹದಿಂದ ಬಿಡಿಸಿಕೊಂಡು ನಿಲ್ಲುತ್ತದೆ. ಮಹಾವ್ಯಾಧನ ನಡುಪಟ್ಟಿಯ ಕೆಳಗೆ ನಾಲ್ಕು ಪುಟ್ಟ ನಕ್ಷತ್ರಗಳ ಸುತ್ತ ಬೂದುಬಣ್ಣದ ನೀಹಾರಿಕೆ ರೆಕ್ಕೆ ಬಿಚ್ಚುತ್ತದೆ. (ಫೋಟೋದ ಕೆಂಪು, ನೇರಳೆಗಳನ್ನು ಇದರಲ್ಲಿ ಹುಡುಕಬೇಡಿ.) 1610ರಲ್ಲಿ ಗೆಲಿಲಿಯೊ ಗುರುವಿನ ಚಂದ್ರರನ್ನು ಕಂಡದ್ದೂ ಸುಮಾರು 20 ಪಟ್ಟಿನಲ್ಲೇ. ಅಗಲದಷ್ಟೇ ಮುಖ್ಯವಾದದ್ದು ಸ್ಟ್ಯಾಂಡು. ಕಡ್ಡಿಕಾಲಿನ ಟ್ರೈಪಾಡಿನ ಮೇಲೆ ಫೋಕಸ್ ತಿರುಪನ್ನು ಬೆರಳು ಮುಟ್ಟಿದರೆ ಸಾಕು, ಗ್ರಹ ಕುಣಿಯತೊಡಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೇದಾಂತ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್ ಇದಕ್ಕೆ ಕಂಡುಕೊಂಡ ಪರಿಹಾರ ತೀರಾ ಸರಳ: ರಟ್ಟಿನ ಕೊಳವೆ, ಕೈಯಲ್ಲೇ ಉಜ್ಜಿದ ಕನ್ನಡಿ, ನೆಲದ ಮೇಲೆ ಗಟ್ಟಿಯಾಗಿ ಕೂರುವ ಮರದ ಪೆಟ್ಟಿಗೆ. ಇಂದು ಅಂಗಡಿಯಲ್ಲಿ ‘ಡಾಬ್ಸೋನಿಯನ್’ ಎಂದು ಸಿಗುವುದು ಇದೇ. ಮೊದಲ ಟೆಲಿಸ್ಕೋಪಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ.

ಅದಕ್ಕೆ ಮೋಟಾರಿಲ್ಲವಲ್ಲ, ಭೂಮಿ ತಿರುಗಿದಂತೆ ಗ್ರಹ ಜಾರಿಹೋಗುವುದಿಲ್ಲವೇ ಎನ್ನಬಹುದು. ಜಾರುತ್ತದೆ. ಆದರೆ 48 ಪಟ್ಟಿನಲ್ಲಿ ನೋಟದ ಈ ಅಂಚಿನಿಂದ ಆ ಅಂಚಿಗೆ ಹೋಗಲು ನಾಲ್ಕು ನಿಮಿಷ ಬೇಕು. ನಡುವೆ ಕೊಳವೆಯನ್ನು ಮೆಲ್ಲಗೆ ತಳ್ಳಿದರಾಯಿತು. ಬೆಂಗಳೂರಿನಂಥ ಊರಿನ ಬೆಳಕಿನಲ್ಲಿ ಅಗಲವಾದ ಕನ್ನಡಿ ದಂಡ ಎಂಬ ಮಾತು ಅರ್ಧ ಮಾತ್ರ ನಿಜ. ನೀಹಾರಿಕೆಗಳು ಮಂಕಾಗುತ್ತವೆ, ಚಂದ್ರ, ಗುರು, ಶನಿಗಳಿಗೆ ಆ ಬೆಳಕಿನ ಲೆಕ್ಕವಿಲ್ಲ. ಭಾರದ ತಕರಾರು ಮಾತ್ರ ನ್ಯಾಯವಾದದ್ದು: ಲಿಫ್ಟಿಲ್ಲದ ಮೂರನೇ ಮಹಡಿಯವರು ಯೋಚಿಸಿಯೇ ಕೊಳ್ಳಬೇಕು. ಅಂಥವರೂ, ಕೈಯಲ್ಲಿ ಅಷ್ಟು ಹಣವಿಲ್ಲದವರೂ ಅಗ್ಗದ ಟೆಲಿಸ್ಕೋಪಿಗೆ ಸೋಲುವ ಬದಲು 10×50ರ ಬೈನಾಕ್ಯುಲರ್ ಕೊಳ್ಳಲಿ. ಚಂದ್ರನ ಕುಳಿ, ಕೃತ್ತಿಕೆಯ ಗೊಂಚಲು, ಕತ್ತಲ ಊರಾದರೆ ಆಂಡ್ರೊಮಿಡಾ ಗೆಲಾಕ್ಸಿಯೂ ಅದರಲ್ಲೇ ಕಾಣುತ್ತವೆ.