ಉಳಿದ ಬಣ್ಣ

ಅಗಡಿಯ ನಮ್ಮ ಮನೆಯ ಕಪಾಟಿಗೆಂದೇ ಯಾರೂ ಎಂದೂ ಬಣ್ಣ ತಂದವರಲ್ಲ. ಬೇರೆ ಯಾವುದಕ್ಕೋ ತಂದು ಉಳಿದದ್ದು ಅದರ ಪಾಲಿಗೆ. ಅಕ್ಕನ ಮದುವೆಗೆ ಬಾಗಿಲು ಕಿಟಕಿಗಳಿಗೆ ಹಚ್ಚಿದ ಮೇಲೆ ಡಬ್ಬಿಯ ತಳದಲ್ಲಿ ಹಸಿರು ಉಳಿಯಿತು, ಕಪಾಟು ಹಸಿರಾಯಿತು. ಚಕ್ಕಡಿಗೆ ತಂದ ನೀಲಿ ಮಿಕ್ಕಿತು, ಕಪಾಟು ನೀಲಿಯಾಗಹೊರಟಿತು. ಆದರೆ ಬಣ್ಣ ಒಂದೇ ಬಾಗಿಲಿಗೆ ತೀರಿದ್ದರಿಂದ ಎಡಗಡೆ ನೀಲಿ, ಬಲಗಡೆ ಹಸಿರಾಗಿ ಅದು ವರ್ಷಗಟ್ಟಲೆ ನಿಂತಿತ್ತು. ನಮಗದು ವಿಚಿತ್ರವೆನಿಸಲೇ ಇಲ್ಲ. “ನೀಲಿ ಬಾಗಲದಾಗ ಬೆಲ್ಲದ ಡಬ್ಬಿ ಐತಿ, ಮುಟ್ಟಬ್ಯಾಡ್ರಿ” ಎಂದು ಅವ್ವ ಹೇಳುತ್ತಿದ್ದಳು. ಅದರಲ್ಲಿ ಮೊದಲರ್ಧ ಮಾತ್ರ ನಮ್ಮ ಕಿವಿಗೆ ಬೀಳುತ್ತಿತ್ತು.

ಆ ಸಾಗವಾನಿ ಕಪಾಟನ್ನು ಅಜ್ಜ ಮಾಡಿಸಿದ್ದು ಓದಿನ ಹುಚ್ಚಿಗೆ. ನಮ್ಮೂರಿನ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯ ಹಳೆಯ ಸಂಚಿಕೆಗಳು ಅದರಲ್ಲಿದ್ದವು. ಅದರ ಸಂಪಾದಕರಾಗಿದ್ದ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. “ಅವರು ಹೊತ್ತು ತಿರುಗಿದ್ದನ್ನ ನಾವು ಇಡಾಕರೆ ಒಂದು ಜಾಗ ಮಾಡಬಾರದೇನು?” ಎನ್ನುತ್ತಿದ್ದ ಅಜ್ಜ. ಅವನು ಹೋದ ಮೇಲೆ ಕೆಳಗಿನ ಖಾನೆಗೆ ಉಪ್ಪಿನಕಾಯಿ ಭರಣಿ ಬಂತು. ಆಮೇಲೆ ಬಿತ್ತನೆ ಬೀಜ, ಹೊಲದ ಉತಾರ, ವಿಭೂತಿ ಗಟ್ಟಿ. ಪುಸ್ತಕಗಳು ಒಂದೊಂದೇ ಖಾನೆ ಬಿಟ್ಟುಕೊಡುತ್ತ ಮೇಲೆ ಸರಿದು, ಕೊನೆಗೆ ಏಣಿ ಹಾಕಿದರಷ್ಟೇ ಸಿಗುವಂತಾದವು.

ಎಲ್ಲಕ್ಕಿಂತ ಹೆಚ್ಚು ಕಾಲ ನಿಂತದ್ದು ಕೆಂಪು. ದೀಪಾವಳಿ ಪಾಡ್ಯ ಬಂತೆಂದರೆ ಹಾವೇರಿ ಸೀಮೆಗೆ ಹೋರಿ ಬೆದರಿಸುವ ಹಬ್ಬದ ಹುಚ್ಚು. ಕೊರಳಿಗೆ ಕೊಬ್ಬರಿ ಸರ, ಮೈತುಂಬ ಬಲೂನು, ಕೋಡಿಗೆ ಬಣ್ಣ. ಒಂದು ವರ್ಷ ನಮ್ಮ ಹೋರಿ ಯಾರ ಕೈಗೂ ಸಿಗದೆ ಅಖಾಡ ದಾಟಿತು. ಅದೇ ಉಮೇದಿನಲ್ಲಿ ಅಪ್ಪ ರಾತ್ರಿ ಕಂದೀಲು ಹಚ್ಚಿಕೊಂಡು, ಕೋಡಿಗೆ ಬಳಿದು ಉಳಿದಿದ್ದ ಕೆಂಪನ್ನು ಕಪಾಟಿಗೆ ಬಳಿದ. ಬೆಳಗ್ಗೆ ನೋಡಿದರೆ ಚಿಲಕ, ಹಿಡಿಕೆ, ಪಕ್ಕದಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನ ಅಂಚು, ಎಲ್ಲವೂ ಕೆಂಪು. ಮುಂದೊಂದು ಬರಗಾಲದಲ್ಲಿ ಹೋರಿಯನ್ನು ಮಾರಬೇಕಾಯಿತು. ಆಮೇಲೆ ಅಪ್ಪ ಕಪಾಟಿನ ಮುಂದೆ ಹಾಯುವಾಗಲೆಲ್ಲ ಅದರ ಪಕ್ಕೆಗೆ ಮೆಲ್ಲಗೆ ತಟ್ಟಿ ಹೋಗುತ್ತಿದ್ದ. ನಾವು ಕಂಡೂ ಕಾಣದಂತೆ ಇರುತ್ತಿದ್ದೆವು.

ಅದೇ ಮನೆಯ ಅಟ್ಟದಲ್ಲಿ ಕಲಘಟಗಿ ತೊಟ್ಟಿಲೂ ಇತ್ತು. ಚಿತ್ರಗಾರರು ಸಾಗವಾನಿಯ ಮೇಲೆ ಕೃಷ್ಣನ ಆಟಗಳನ್ನು ಬರೆದ ತೊಟ್ಟಿಲು. ಮನೆಯಲ್ಲೋ ಬೀಗರಲ್ಲೋ ಕೂಸು ಹುಟ್ಟಿದಾಗ ಅದು ಇಳಿಯಬೇಕು, ಕೆಲಸ ಮುಗಿಸಿ ಮತ್ತೆ ಏರಬೇಕು. ಅದರ ಬಣ್ಣಕ್ಕೆ ಕೈ ಹಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ತೊಟ್ಟಿಲಿಗೆ ಮರ್ಯಾದೆ ಹೆಚ್ಚು, ಕಪಾಟಿಗೆ ಸಲಿಗೆ ಹೆಚ್ಚು.

ಈ ಸಲ ಬೆಂಗಳೂರಿನಿಂದ ಬಂದ ಮಗಳು ಕಪಾಟಿಗೆ ಹೊಸ ರೂಪ ಕೊಡುತ್ತೇನೆಂದು ಕೂತಳು. ಖಾರಕ್ಕಿಂತ ಕೆಂಪಿಗೇ ಹೆಸರಾದ, ತುಟಿರಂಗಿಗೂ ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಹುಟ್ಟಿದವಳು, ಬಣ್ಣದ ಪಟ್ಟಿ ಇಡೀ ತಿರುವಿ ಹಾಕಿ ಆರಿಸಿದ್ದು ಬೂದಿ! ಹೆರೆಯುವಾಗ ಎದ್ದ ಚಕ್ಕೆಯೊಂದನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಕೆಂಪು, ಅದರಡಿ ನೀಲಿ, ಅದರಡಿ ಹಸಿರು, ತಳದಲ್ಲಿ ಅಜ್ಜನ ಕಾಲದ ಕಪ್ಪು ವಾರ್ನಿಶ್.

“ಅಪ್ಪಾ, ಬಲಗಡೆ ಬಾಗಲಕ್ಕ ನೀಲಿ ಯಾಕಿಲ್ಲ?”

“ಬಣ್ಣ ತೀರಿತ್ತವಾ.”

ಬಳಿದು ಒಣಗಿಸಿದ ಮೇಲೆ ಅವಳು ಪಾಲಿಶ್ ಪೇಪರಿನಿಂದ ಮೂಲೆಗಳನ್ನು ಉಜ್ಜತೊಡಗಿದಳು. ಯಾಕೆಂದರೆ, ಹಳೆಯದಾಗಿ ಕಾಣಬೇಕಂತೆ.

“ಹಳೇದ ಐತಲ್ಲವಾ ಅದು?”

“ಇದು ಬ್ಯಾರೆ ಹಳೇದು, ಅಪ್ಪಾ.”

ಇರಬಹುದು. ಕಪಾಟಿಗೆಂದೇ ಒಂದು ಡಬ್ಬಿ ಮನೆಗೆ ಬಂದದ್ದು ಇದೇ ಮೊದಲು. ಅದಕ್ಕೆ ಈ ಯೋಗ ಸುಮ್ಮನೆ ಬರಲಿಲ್ಲ. ಚಕ್ಕಡಿ ಹೋಯಿತು, ಹೋರಿ ಹೋಯಿತು, ಬಾಗಿಲುಗಳು ಬಣ್ಣ ಬೇಡದವಾದವು, ಮದುವೆಗಳು ಹಾವೇರಿ, ರಾಣೆಬೆನ್ನೂರಿನ ಕಲ್ಯಾಣ ಮಂಟಪಗಳಿಗೆ ಎದ್ದುಹೋದವು. ಬಣ್ಣ ಉಳಿಯುವುದಕ್ಕೆ ಮನೆಯಲ್ಲಿ ಬೇರೇನೂ ಉಳಿದಿಲ್ಲ.

ಹಾಗಂದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಕಟ್ಟೆ ಏರಿ ಬಂದ. ಹಬ್ಬ ಹತ್ತಿರ ಬಂದಿತ್ತು.

“ಕಾಕಾ, ಬಣ್ಣ ಉಳದೈತೇನ್ರಿ? ನಮ್ಮ ಹೋರಿ ಕೋಡಿಗೆ ಬೇಕಿತ್ತು.”

“ಬೂದಿ ಬಣ್ಣ ಐತಲ್ಲೋ!”

“ಇರಲಿ ಬಿಡ್ರಿ, ಯಾರ ಹೋರಿಗೂ ಇಲ್ದಂಗ ಆಕ್ಕೈತಿ.”

ಮಗಳಿಗೆ ಎಲ್ಲಿಲ್ಲದ ಹಿಗ್ಗು. ಡಬ್ಬಿಯ ಜೊತೆಗೆ ಪಾಲಿಶ್ ಪೇಪರನ್ನೂ ಅವನ ಕೈಗಿಟ್ಟು, ಒಣಗಿದ ಮೇಲೆ ತುದಿ ಉಜ್ಜಬೇಕೆಂದು ಬಿಡಿಸಿ ಹೇಳಿದಳು. ಹುಡುಗ ಡಬ್ಬಿಯನ್ನಷ್ಟೇ ಎತ್ತಿಕೊಂಡ.

“ಇದು ಬ್ಯಾಡ್ರಿ ಅಕ್ಕಾ. ಅದ ಗ್ವಾಡಿಗೆ ತಿಕ್ಕಿ ಮಾಡ್ಕೊಂತೈತಿ.”