ಧೃತರಾಷ್ಟ್ರನ ಆಲಿಂಗನ

ಬಳ್ಳಿಯೆಂದರೆ ನಮ್ಮ ಜನಕ್ಕೆ ಬಹಳ ಅಕ್ಕರೆ. ಮರವನ್ನಪ್ಪಿ ನಿಂತ ಲತೆಯನ್ನು ನಮ್ಮ ಕವಿಗಳು ದಾಂಪತ್ಯಕ್ಕೆ ಹೋಲಿಸಿ ಹಾಡಿರುವರು. ಆದರೆ ಅಪ್ಪುಗೆಗಳೆಲ್ಲವೂ ಪ್ರೀತಿಯವಲ್ಲ. ಉಕ್ಕಿನ ಭೀಮನನ್ನು ಪುಡಿಗೈದ ಅಂಧರಾಜನ ಅಪ್ಪುಗೆಯೂ ಒಂದುಂಟು. ಮಿಕೇನಿಯವೆಂಬ ಬಳ್ಳಿಯನ್ನು ಕೇರಳದ ಜನರು 'ಧೃತರಾಷ್ಟ್ರಪ್ಪಚ್ಚ' ಎಂದು ಕರೆಯುವರು. ಅದಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಕೇಳಿಲ್ಲ.

ನೋಟಕ್ಕೆ ಇದು ಬಲು ಸಾಧು. ಹೃದಯಾಕಾರದ ಎಲೆ, ಮುಳ್ಳಿಲ್ಲದ ತೆಳು ಕಾಂಡ, ಗೊಂಚಲು ಗೊಂಚಲಾದ ಸಣ್ಣ ಬಿಳಿಯ ಹೂ. ಇದನ್ನು ಕಂಡರೆ ಒಂದು ತುಂಡನ್ನು ತಂದು ಅಂಗಳದ ಚಪ್ಪರಕ್ಕೆ ಹಬ್ಬಿಸೋಣವೆಂದು ಯಾರಿಗಾದರೂ ತೋರದಿರದು. ಸೂರ್ಯಕಾಂತಿಯ ವಂಶಕ್ಕೆ ಸೇರಿದ ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಿಲ್ದಾಣಗಳನ್ನು ಶತ್ರುವಿನ ಕಣ್ಣಿಗೆ ಮರೆಮಾಡಲು ಇದನ್ನು ನಮ್ಮ ದೇಶಕ್ಕೆ ತಂದರೆಂದು ಹೇಳುವರು. ಯುದ್ಧವು 1945ರಲ್ಲಿ ಮುಗಿಯಿತು. ಬಳ್ಳಿಯು ಮಾತ್ರ ಮುಚ್ಚುವ ಕೆಲಸವನ್ನು ನಿಲ್ಲಿಸಲಿಲ್ಲ. ಅಸ್ಸಾಮಿನ ಚಹದ ತೋಟಗಳನ್ನೂ ಕೇರಳದ ಕಾಡುಗಳನ್ನೂ ಹೊಕ್ಕ ಇದು ನಮ್ಮ ಕೊಡಗಿನಲ್ಲಿಯೂ ಕಾಲಿಟ್ಟಿದೆ.

ಬಂದಳಿಕೆಯಂತೆ ಇದು ಮರದ ರಸವನ್ನು ಹೀರುವುದಿಲ್ಲ. ಮೈಯನ್ನು ಸುತ್ತಿ, ತಲೆಯ ಮೇಲೇರಿ ಬಿಸಿಲನ್ನು ತಡೆಯುವುದು; ಅಷ್ಟೇ ಸಾಕು. ಬಿಸಿಲಿಲ್ಲದ ಎಲೆ ತನ್ನ ಆಹಾರವನ್ನು ಸಿದ್ಧಪಡಿಸಲಾರದೆ, ಕೆಳಗಿನ ಸಸಿಯು ಹಸಿದು ಸಾಯುವುದು. ಅನುಕೂಲವಾದ ಎಡೆಯಲ್ಲಿ ಎಳೆಯ ಬಳ್ಳಿಯು 24 ಗಂಟೆಗಳಲ್ಲಿ 8-9 ಸೆಂಟಿಮೀಟರು ಬೆಳೆಯಬಲ್ಲದು. ಎಕ್ಕದ ಬೀಜದಂತೆ ಕುಚ್ಚುಳ್ಳ ಇದರ ಬೀಜವು ಗಾಳಿಯಲ್ಲಿ ತೇಲಿಹೋಗುವುದು. ಅದೂ ಅಲ್ಲದೆ, ನೆಲಕ್ಕೆ ತಾಗಿದ ಗೆಣ್ಣು ಗೆಣ್ಣಿನಲ್ಲಿಯೂ ಬೇರು ಬಿಡುವುದು. ಕತ್ತಿಯಿಂದ ಕಡಿದು ತುಂಡುಗಳನ್ನು ಅಲ್ಲಿಯೇ ಚೆಲ್ಲಿದರೆ, ಕಡಿದಂತಾಗಲಿಲ್ಲ, ನೆಟ್ಟಂತಾಯಿತು!

ತವರಿನಲ್ಲಿ ಇದನ್ನು ಹದ್ದಿನಲ್ಲಿಡುವ ತುಕ್ಕುರೋಗದ ಶಿಲೀಂಧ್ರವನ್ನು ವಿಜ್ಞಾನಿಗಳು 2005ರಲ್ಲಿ ಅಸ್ಸಾಮಿನಲ್ಲಿಯೂ 2006ರಲ್ಲಿ ಕೇರಳದಲ್ಲಿಯೂ ಬಿಟ್ಟು ನೋಡಿದರು. ಪಾಪುವ ನ್ಯೂಗಿನಿಯಲ್ಲಿ ನೆಲೆ ನಿಂತ ಆ ಶಿಲೀಂಧ್ರವು ಇಲ್ಲಿ ನೆಲೆಯೂರಲಿಲ್ಲ. ಆದುದರಿಂದ ಗೃಹಸ್ಥನಿಗೆ ಉಳಿದುದು ಕೈಗೆಲಸವೊಂದೇ. ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು, ಕಿತ್ತುದನ್ನು ಬಂಡೆಯ ಮೇಲೆ ಹರಡಿ ಪೂರ್ತಿಯಾಗಿ ಒಣಗಿಸಬೇಕು, ತೊರೆಗೆ ಎಸೆಯಲಾಗದು. ನೆರೆಯವರ ಬೇಲಿಯಲ್ಲಿ ಅದು ಉಳಿದರೆ ನಮ್ಮ ದುಡಿಮೆಯೆಲ್ಲ ನೀರಿನಲ್ಲಿ ಹೋಮಮಾಡಿದಂತೆ. ಆದ್ದರಿಂದ ಊರೆಲ್ಲ ಕೂಡಿ ಮಾಡಬೇಕಾದ ಕೆಲಸವಿದು.

ನನಗೆ ಧೈರ್ಯವನ್ನು ಕೊಡುವ ಸಂಗತಿಯೊಂದುಂಟು. ದಟ್ಟವಾದ ನೆರಳು ಈ ಬಳ್ಳಿಗೆ ಒಗ್ಗದು. ಮರಗಳು ತಲೆಗೆ ತಲೆ ಕೂಡಿಸಿ ನಿಂತಲ್ಲಿ ಇದಕ್ಕೆ ಎಡೆಯಿಲ್ಲ. ಕೊಡಲಿಯು ತೆರೆದುಕೊಟ್ಟ ಬಾಗಿಲಿನಿಂದಲೇ ಇದು ಕಾಡನ್ನು ಹೊಗುವುದು. ಅಂದು ಭೀಮನನ್ನು ಉಳಿಸಿದುದು ಕೃಷ್ಣನ ಮುಂದಾಲೋಚನೆ. ನಮ್ಮ ಮರಗಳ ಪಾಲಿಗೆ ಆ ಮುಂದಾಲೋಚನೆಯು ನಮ್ಮಿಂದಲೇ ಬರಬೇಕು.