ಅರ್ಕಾವತಿಯ ದಡದಲ್ಲಿ ಒಂದು ಗಳಿಗೆ

2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡ ಮೇಲೆ ರಾಮನಗರದೊಳಗೆ ಕಾಲಿಡದೆಯೇ ಮೈಸೂರು ತಲುಪಬಹುದು. ಆದರೂ ಕಳೆದ ಬೇಸಿಗೆಯಲ್ಲಿ ಮಡದಿಯ ಒತ್ತಾಯಕ್ಕೆ ಮಣಿದು ಹಳೆಯ ರಸ್ತೆಯನ್ನೇ ಹಿಡಿದೆವು. ಆಕೆ ಮಾಗಡಿ ಕಡೆಯ ರೇಷ್ಮೆ ಬೆಳೆಗಾರರ ಮಗಳು. ಬಾಲ್ಯದಲ್ಲಿ ತಂದೆಯೊಡನೆ ಇಲ್ಲಿನ ಗೂಡಿನ ಮಾರುಕಟ್ಟೆಗೆ ಬಂದಾಗ, ಹರಾಜು ಮುಗಿದ ಮೇಲೆ ಇಬ್ಬರೂ ಅರ್ಕಾವತಿಯಲ್ಲಿ ಕೈಕಾಲು ತೊಳೆದು ಬುತ್ತಿ ಬಿಚ್ಚುತ್ತಿದ್ದರಂತೆ.

ಈ ಊರು ಹಲವು ಹೆಸರುಗಳನ್ನು ಕಂಡಿದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದ ಕ್ಲೋಸ್‌ಪೇಟೆ ಎಂಬ ಹೆಸರು ಊರಿನಿಂದ ಅಳಿದರೂ, ಭೂವಿಜ್ಞಾನದ ಪುಸ್ತಕಗಳಲ್ಲಿ ಇಲ್ಲಿನ ಬಂಡೆಗಳಿಗೆ ಅಂಟಿಕೊಂಡೇ ಇದೆ. ಸುಮಾರು 250 ಕೋಟಿ ವರ್ಷಗಳ ಆ ಶಿಲೆಗಳು ಯಾವ ಹೆಸರಿಗೂ ಓಗೊಟ್ಟಂತೆ ಕಾಣಲಿಲ್ಲ.

ಸೇತುವೆಯ ಪಕ್ಕದಲ್ಲಿ ಕಾರು ನಿಲ್ಲಿಸಿದೆವು. ನಂದಿಬೆಟ್ಟದಲ್ಲಿ ಹುಟ್ಟುವ ಹೊಳೆ ಊರೂರಿನ ಕೊಳಚೆಯನ್ನು ಹೊತ್ತು ಕಪ್ಪಾಗಿ ಹರಿಯುತ್ತಿತ್ತು. ಆಕೆ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಳಿದವಳು ಅಲ್ಲೇ ನಿಂತಳು. ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

“ಬುತ್ತಿ ಕಾರಿನಲ್ಲೇ ಬಿಚ್ಚೋಣವೇ?” ಎಂದೆ.

“ಬೇಡ ರೀ. ಈ ನೀರು ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದಲ್ಲ, ಅಲ್ಲಿಗೆ ಹೋಗೋಣ.”

ಮೈಸೂರಿನ ನೆಂಟರಿಗೆ ಫೋನ್ ಮಾಡಿ, ಬರುವುದು ರಾತ್ರಿಯಾಗುತ್ತದೆಂದು ತಿಳಿಸಿದೆ.